ಗಾಣದ ಬಸವಣ್ಣೆಪ್ಪ ನುಂಗಿಕೊಂಡ ಮಾತು

ಮೂಡಲಗಿಯ ಪೇಟೆಯಲ್ಲಿ ಬಸವಣ್ಣೆಪ್ಪನ ಹೆಸರು ತೆಗೆದರೆ ಜನರಿಗೆ ಎರಡು ಸಂಗತಿ ಒಟ್ಟಿಗೇ ನೆನಪಾಗುತ್ತಿದ್ದವು. ಒಂದು ಅವನ ಗಾಣದ ಕುಸುಬಿ ಎಣ್ಣೆ, ಇನ್ನೊಂದು ದಾರೂಬಂದಿ. ಮುಂಬೈ ಸರಕಾರ ಕುಡಿತವನ್ನು ನಿಲ್ಲಿಸಿದ ಹೊಸದರಲ್ಲಿ, ಕದ್ದು ಭಟ್ಟಿ ಇಳಿಸುವವರ ಮನೆಗಳಿಗೆ ನಡೆದುಹೋಗಿ, ಅಂಗಳದಲ್ಲಿ ಕೂತು, ಕೈಮುಗಿದು ಗಡಿಗೆ ಒಡೆಸಿ ಬಂದವನು ಅವನು. ನಾಗನೂರಿನಲ್ಲಿ ಒಬ್ಬ ಕುಡುಕ ಅವನ ಮೇಲೆ ಸಗಣಿ ನೀರು ಎರಚಿದಾಗ ಬಾವಿಗೆ ಹೋಗಿ ಅಂಗಿ ಒಗೆದುಕೊಂಡು, ಹಸಿ ಅಂಗಿಯಲ್ಲೇ ತಿರುಗಿ ಬಂದು ಆ ಕುಡುಕನ ಮನೆಯ ಕಟ್ಟೆಯ ಮೇಲೇ ಕೂತಿದ್ದನಂತೆ. ಜನ ಈ ಕತೆ ಹೇಳುವಾಗ ಬಸವಣ್ಣೆಪ್ಪ ತಲೆ ತಗ್ಗಿಸಿ ನಗುತ್ತಿದ್ದ. ಆದರೆ ಯಾರಾದರೂ ಅರ್ಧಕ್ಕೆ ಬಿಟ್ಟರೆ ಉಳಿದದ್ದನ್ನು ತಾನೇ ಹೇಳಿ ಮುಗಿಸುತ್ತಿದ್ದ.

ಅವನ ಹೆಂಡತಿ ವಾಂತಿಭೇದಿಯಲ್ಲಿ ತೀರಿಕೊಂಡಾಗ ಮಗ ರಾಚಪ್ಪನಿಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ಅದಕ್ಕೂ ಮೊದಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದಿದ್ದ ತಂಗಿ ಶೆಟ್ಟೆವ್ವ ಕೂಸನ್ನು ಬಗಲಿಗೆ ಏರಿಸಿಕೊಂಡಳು. ಇಳಿಸಿದ್ದು ಅವನು ಸಾಲಿಗೆ ಹೋಗುವಾಗಲೇ ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಅಡಿಗೆ, ಎಮ್ಮೆ, ಎಣ್ಣೆಯ ಡಬ್ಬಿ ತೊಳೆಯುವುದು ಎಲ್ಲವೂ ಅವಳದೇ. ಮಾತು ಕಡಿಮೆ. ರಾಚಪ್ಪನಿಗೆ ಬದನೆಕಾಯಿ ಸೇರುವುದಿಲ್ಲವೆಂದು ಆ ಮನೆಯಲ್ಲಿ ಬದನೆಕಾಯಿ ಬೇಯುವುದೇ ನಿಂತುಹೋಗಿತ್ತು. ಬಸವಣ್ಣೆಪ್ಪನಿಗೆ ಅದು ಬಹಳ ಇಷ್ಟದ ಪಲ್ಯೆ. ಆದರೂ ಅವನು ಕೇಳುತ್ತಿರಲಿಲ್ಲ.

ಊರು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದಾಗ ರಾಚಪ್ಪ ಹೈಸ್ಕೂಲಿಗೆಂದು ಗೋಕಾಕಕ್ಕೆ ಹೋದ. ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದ. ಗಾಣದಲ್ಲಿ ದುಡಿಯುವ ಲಗಮಣ್ಣ ಸಂತೆಯ ದಿನ ಎಣ್ಣೆಯ ಜೊತೆ ಬುತ್ತಿಯ ಗಂಟನ್ನೂ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ಹುಡುಗನ ಬೆರಳುಗಳಿಗೆ ತಬಲಾ ಬಹಳ ಬೇಗ ಒಲಿದಿತ್ತು. ಗೋಕಾಕದ ಹೊರಗೆ ಒಂದು ತೋಟದ ಗುಡಿಸಲಿನಲ್ಲಿ ಸಂಜೆ ಹೊತ್ತು ಭಜನೆಯವರು ಸೇರುತ್ತಿದ್ದರು. ಅವರ ತಬಲಾದವನು ಊರು ಬಿಟ್ಟು ಹೋದಾಗ ರಾಚಪ್ಪನನ್ನು ಕರೆದರು. ಮಗ ಭಜನೆಗೆ ಹೋಗುತ್ತಾನೆಂದು ಕೇಳಿ ಬಸವಣ್ಣೆಪ್ಪ ಹಿಗ್ಗಿದ. ಒಂದು ಹೊಸ ತಬಲಾ ಜೋಡಿಯನ್ನೇ ಕೊಡಿಸಿದ.

ಒಂದು ಸಂತೆ ಮುಗಿಸಿ ಬಂದ ಲಗಮಣ್ಣ ಎತ್ತಿಗೆ ನೀರು ಕುಡಿಸುತ್ತಾ, ಧಣಿಯ ಮುಖ ನೋಡದೆ, ಒಮ್ಮೆ ತಾವೇ ಹೋಗಿ ನೋಡಿಬಂದರೆ ಚಲೋ ಎಂದ. ಬಸವಣ್ಣೆಪ್ಪ ಮರುದಿನದ ಬಸ್ಸಿಗೆ ಗೋಕಾಕಕ್ಕೆ ಹೋದ. ಕೋಣೆಗೆ ಬೀಗ ಹಾಕಿತ್ತು. ಕೇಳಿಕೊಂಡು ತೋಟಕ್ಕೆ ಹೋದರೆ ಗುಡಿಸಲಿನ ಮುಂದೆ ನಾಲ್ಕಾರು ಮಂದಿ ಗುಂಡಗೆ ಕೂತಿದ್ದರು. ಮಣ್ಣಿನ ಚಿಲುಮೆ ಕೈಯಿಂದ ಕೈಗೆ ದಾಟುತ್ತಿತ್ತು. ಅದು ತನ್ನ ಮಗನ ಕೈಗೆ ಬಂದಾಗ, ಅವನು ಒದ್ದೆ ಅರಿವೆ ಸುತ್ತಿ ಎರಡೂ ಅಂಗೈಯಲ್ಲಿ ಹಿಡಿದು ಎಳೆದ ರೀತಿಯಲ್ಲಿಯೇ ಇದು ಹೊಸದಲ್ಲವೆಂದು ಬಸವಣ್ಣೆಪ್ಪನಿಗೆ ತಿಳಿಯಿತು. ಗಾಂಜಾದ ವಾಸನೆ ಬೇಲಿಯವರೆಗೂ ಬರುತ್ತಿತ್ತು. ಅಷ್ಟು ಮಂದಿಯ ಮನೆಗೆ ಕರೆಯದೆ ಹೋಗಿ ಗಡಿಗೆ ಒಡೆಸಿದವನು ಆ ಬೇಲಿಯನ್ನು ದಾಟಲಿಲ್ಲ. ಯಾರಾದರೂ ತನ್ನ ಗುರುತು ಹಿಡಿದಾರು ಎಂದು ಹೆದರಿ, ತಲೆಗೆ ಸುತ್ತಿದ ಪಟಕದ ಸೆರಗನ್ನು ಮುಖಕ್ಕೆ ಎಳೆದುಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ.

ಕೋಣೆಯ ಬಾಗಿಲಲ್ಲಿ ಕಾದು ಕೂತು, ಮಗ ಬಂದಾಗ ಗಂಟುಮೂಟೆ ಕಟ್ಟಿಸಿ ಊರಿಗೆ ಕರೆತಂದ. ಇಷ್ಟಲಿಂಗ ಮುಟ್ಟಿಸಿ ಆಣೆ ಮಾಡಿಸಿದ. ಹುಡುಗ ಅತ್ತ, ಎಲ್ಲರೂ ಸೇದುತ್ತಾರೆ, ಸೇದಿದರೆ ಲಯ ಚೆನ್ನಾಗಿ ಕೇಳುತ್ತದೆ ಎಂದ. ಓಣಿಯವರಿಗೆ ಬಸವಣ್ಣೆಪ್ಪ ಹೇಳಿದ್ದು ಕಣ್ಣಿನ ಬೇನೆ ಎಂದು. ಶೆಟ್ಟೆವ್ವನಿಗೂ ಅದನ್ನೇ ಹೇಳಿದ. ಅವಳು ಪಾಪ, ದಿನಾ ನಂದಿಬಟ್ಟಲ ಹೂವು ಹಿಂಡಿ ಆ ಹುಡುಗನ ಕಣ್ಣಿಗೆ ಬಿಡುತ್ತಿದ್ದಳು.

ಆಣೆ ಹೆಚ್ಚು ಕಾಲ ಉಳಿಯಲಿಲ್ಲ. ಮೂಡಲಗಿಯ ತೋಟಗಳಲ್ಲೂ ಸೇದುವವರಿದ್ದರು. ರಾಚಪ್ಪ ಮಧ್ಯಾಹ್ನ ಹೋದವನು ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ಬಸವಣ್ಣೆಪ್ಪ ಕಂಡೂ ಕಾಣದಂತೆ ಇದ್ದ. ಬೈದರೆ ಗದ್ದಲವಾಗುತ್ತದೆ, ಗದ್ದಲವಾದರೆ ಬಾಜೂ ಮನೆಗೆ ಕೇಳುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗನ ನಿದ್ದೆ ಹೋಯಿತು. ಗಾಣ ತಿರುಗುವಾಗ ಕಿರುಗುಟ್ಟುವ ಸದ್ದು ತನ್ನ ಹೆಸರು ಹಿಡಿದು ಕರೆಯುತ್ತದೆ ಎಂದ. ಪೇಟೆಯಲ್ಲಿ ಇಬ್ಬರು ನಿಂತು ಮಾತಾಡಿದರೆ ಅದು ತನ್ನದೇ ಮಾತು. ತಬಲಾ ಮುಟ್ಟುವುದನ್ನು ಬಿಟ್ಟ. ಅದರೊಳಗೆ ಯಾರೋ ಕೂತು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಬಾರಿಸುತ್ತಾರಂತೆ. ಗಾಣದ ಮೂಲೆಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತಿರುತ್ತಿದ್ದ ಮಗನನ್ನು ನೋಡಿ ಬಸವಣ್ಣೆಪ್ಪನಿಗೆ ಮೊದಲು ಬಂದದ್ದು ಮರುಕವಲ್ಲ, ಗಿರಾಕಿ ಯಾರಾದರೂ ಕಂಡರೋ ಎಂಬ ಅಂಜಿಕೆ. ಇದನ್ನು ಅವನು ಮುಂದೆ ಎಷ್ಟೋ ವರ್ಷಗಳ ಮೇಲೆ ತಾನಾಗಿಯೇ ಹೇಳಿಕೊಂಡ.

ಒಂದು ದಿನ ನಡುಮಧ್ಯಾಹ್ನ ರಾಚಪ್ಪ ಉಣ್ಣಲು ಕೂತವನು ತಾಟು ಎತ್ತಿಕೊಂಡು ಬೀದಿಗೆ ಬಂದ. ಎದುರು ಮನೆಯ ಪರಪ್ಪ, ಎಣ್ಣೆಗೆ ಬಂದ ಹೆಂಗಸರು, ದಾರಿಹೋಕರು ಎಲ್ಲರಿಗೂ ಆ ತಾಟನ್ನು ತೋರಿಸುತ್ತಾ ಹೋದ. ಅನ್ನದಲ್ಲಿ ಶೆಟ್ಟೆವ್ವ ಅತ್ತಿ ಮದ್ದು ಹಾಕಿದ್ದಾಳೆ, ನನ್ನ ತಲೆಯೊಳಗೆ ಹುಳ ಬಿಟ್ಟವಳು ಅವಳೇ ಎಂದು ಹೇಳುತ್ತಿದ್ದ. ಕೂಗಲಿಲ್ಲ. ಮೆಲ್ಲಗೆ, ಬೇಡಿಕೊಳ್ಳುವಂತೆ ಹೇಳಿದ್ದರಿಂದಲೇ ಜನ ನಂಬಿದರು. ಹುಡುಗ ಒಣಗಿದ್ದು, ಓದು ಬಿಟ್ಟು ಬಂದದ್ದು ಎಲ್ಲವಕ್ಕೂ ಒಂದೇ ಕ್ಷಣದಲ್ಲಿ ಕಾರಣ ಸಿಕ್ಕಂತಾಯಿತು.

ಪರಪ್ಪ ಕೆಟ್ಟವನಲ್ಲ. ನೆರೆಹೊರೆಯ ಕಾಳಜಿಯಿಂದಲೇ ಪಕ್ಕದ ಹಳ್ಳಿಯಿಂದ ದೇವರು ಹೇಳುವ ಹೆಣ್ಣುಮಗಳನ್ನು ಕರೆತಂದ. ಶರಣರ ವಚನ ಬಾಯಲ್ಲಿಟ್ಟುಕೊಂಡು ಓಡಾಡುವ ಬಸವಣ್ಣೆಪ್ಪ ಇಂಥವರನ್ನು ಹೊಸ್ತಿಲು ಹತ್ತಿಸುವವನಲ್ಲ. ಆ ದಿನ ಮಾತ್ರ ಸುಮ್ಮನೆ ಚಾಪೆ ಹಾಸಿಸಿದ. ಅವಳು ಕಾಳು ಚೆಲ್ಲಿ, ಕಣ್ಣು ಮುಚ್ಚಿ, ಗಂಡನಿಲ್ಲದ ಹೆಂಗಸಿನ ಕೈ ಈ ಮನೆಯ ಒಲೆಯ ಮೇಲಿದೆ ಎಂದಳು. ಎಲ್ಲರೂ ಅಡಿಗೆಮನೆಯ ಬಾಗಿಲಿನ ಕಡೆಗೆ ತಿರುಗಿದರು. ಶೆಟ್ಟೆವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಜನರನ್ನು ನೋಡಲಿಲ್ಲ.

"ಅಣ್ಣಾ, ನೀ ಏನೂ ಅನ್ನಂಗಿಲ್ಲೇನು?" ಎಂದು ಕೇಳಿದಳು.

ಅವನ ಬಾಯಲ್ಲಿ ಮಾತು ತಯಾರಿತ್ತು. ನನ್ನ ಮಗ ಗಾಂಜಾ ಸೇದುತ್ತಾನೆ, ನಾನೇ ಕಣ್ಣಾರೆ ಕಂಡಿದ್ದೇನೆ, ಇವಳದೇನೂ ಇಲ್ಲ. ಇಷ್ಟೇ. ಎದುರಿಗೆ ಪರಪ್ಪನಿದ್ದ. ದಾರೂಬಂದಿಯ ದಿನಗಳಲ್ಲಿ ಜೊತೆಗೆ ತಿರುಗಿದ್ದ ಹಿರಿಯರಿದ್ದರು. ಬಸವಣ್ಣೆಪ್ಪ ಅಂಗಳದಲ್ಲಿ ಕಟ್ಟಿದ್ದ ಎತ್ತಿನ ಕಡೆ ನೋಡುತ್ತಾ ನಿಂತ. ಶೆಟ್ಟೆವ್ವ ಒಳಗೆ ಹೋಗಿ ಒಲೆಯ ಬೆಂಕಿ ಆರಿಸಿ, ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಗೆ ಬಂದಳು. ಬಸ್ ನಿಲ್ದಾಣದವರೆಗೆ ಲಗಮಣ್ಣ ಒಬ್ಬನೇ ಹೋದ. ಅವಳ ಗಂಡನ ಕಡೆಯ ದೂರದ ನೆಂಟರು ಹುಕ್ಕೇರಿಯಲ್ಲಿದ್ದರು. ಅಲ್ಲಿಗೆ ಹೋದಳೆಂದು ಅವನೇ ಬಂದು ತಿಳಿಸಿದ.

ಒಲೆ ಬದಲಾದರೂ ಹುಡುಗನ ಕಾಯಿಲೆ ಬದಲಾಗಲಿಲ್ಲ. ಕೊನೆಗೆ ಬಸವಣ್ಣೆಪ್ಪ ಯಾರಿಗೂ ಹೇಳದೆ, ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಗನನ್ನು ಧಾರವಾಡದ ಮನೋರೋಗದ ದವಾಖಾನೆಯ ಡಾಕ್ಟರರ ಬಳಿ ಕರೆದೊಯ್ದ. ಓಣಿಯಲ್ಲಿ ಹೇಳಿದ್ದು ಯಾತ್ರೆಗೆ ಎಂದು. ಡಾಕ್ಟರು ನಡುವಯಸ್ಸಿನವರು, ಅವಸರವಿಲ್ಲದೆ ಮಾತಾಡುವವರು. ಊಟ, ನಿದ್ದೆ, ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಎಂದು ಎಲ್ಲ ಕೇಳಿದ ಮೇಲೆ, ಹುಡುಗ ಏನಾದರೂ ಸೇದುತ್ತಾನೆಯೇ, ಕುಡಿಯುತ್ತಾನೆಯೇ ಎಂದರು. ತಮ್ಮದು ಅಂಥ ಮನೆತನವಲ್ಲ ಎಂದ ಬಸವಣ್ಣೆಪ್ಪ. ಡಾಕ್ಟರು ಅವನ ಹಣೆಯ ವಿಭೂತಿಯನ್ನೊಮ್ಮೆ ನೋಡಿ ಮುಂದಿನ ಪ್ರಶ್ನೆಗೆ ಹೋದರು.

ಗುಳಿಗೆಗಳು ಕೆಲಸ ಮಾಡಿದವು. ಒಂದೆರಡು ತಿಂಗಳಲ್ಲಿ ರಾಚಪ್ಪ ನಿದ್ದೆ ಮಾಡಿದ, ಉಂಡ, ಗೋಡೆಗೆ ಕಿವಿ ಹಚ್ಚುವುದನ್ನು ಬಿಟ್ಟ. ದವಾಖಾನೆಯಿಂದ ಊರಿಗೆ ಬಂದು ಗಾಣದ ಮುಂದೆ ಕೂತು ಎಣ್ಣೆ ಅಳೆದು ಕೊಡತೊಡಗಿದ. ಒಮ್ಮೆ ಅತ್ತಿ ಎಲ್ಲಿ ಎಂದು ಕೇಳಿದ್ದಕ್ಕೆ ಬಸವಣ್ಣೆಪ್ಪ ನೆಂಟರ ಮನೆಗೆ ಹೋಗಿದ್ದಾಳೆ ಎಂದ. ಮಗ ನೆಟ್ಟಗಾದ, ಇನ್ನು ಹಳೆಯದನ್ನು ಕೆದಕುವುದೇಕೆ ಎಂದುಕೊಂಡ. ಹಳೆಯ ಗೆಳೆಯರು ಬಂದು ಕರೆದಾಗಲೂ ತಡೆಯಲಿಲ್ಲ. ಅದು ತಡೆಯಬೇಕಾದ ಸಂಗತಿ ಎಂದು ಡಾಕ್ಟರು ಹೇಳಿರಲಿಲ್ಲ. ಹೇಳಲು ಅವರಿಗೆ ಗೊತ್ತೇ ಇರಲಿಲ್ಲ.

ಜೋಳದ ಸುಗ್ಗಿಯ ಹೊತ್ತಿಗೆ ಎಲ್ಲವೂ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ರಾಚಪ್ಪ ಗುಳಿಗೆಗಳನ್ನು ಎತ್ತಿನ ಗೋದಲಿಯಲ್ಲಿ ಎಸೆದ. ಮೈಯೊಳಗಿನ ವಿಷ ತೊಳೆಯಬೇಕೆಂದು ಕಾಲುವೆಗೆ ಇಳಿದವನನ್ನು ಹೊಲಕ್ಕೆ ನೀರು ಬಿಡುತ್ತಿದ್ದವರು ಕೂದಲು ಹಿಡಿದು ಎಳೆದು ಹಾಕಿದರು. ಮರುದಿನ ಅವನು ಮತ್ತೆ ತಾಟು ಹಿಡಿದು ಬೀದಿಗೆ ಬಂದ. ಈ ಸಲ ಅವನು ತೋರಿಸಿದ್ದು ಅಪ್ಪನನ್ನು. ಅನ್ನದಲ್ಲಿ ಮದ್ದು ಹಾಕುತ್ತಿರುವವನು ಇವನೇ, ಅತ್ತಿಯನ್ನು ಓಡಿಸಿದ್ದೂ ಅದಕ್ಕೇ ಎಂದ. ಅದೇ ಮೆಲ್ಲನೆಯ, ಬೇಡಿಕೊಳ್ಳುವ ದನಿ.

ಜನ ಸೇರಿದರು. ಬಸವಣ್ಣೆಪ್ಪ ಯಾರಾದರೂ ತನ್ನ ಕಡೆ ತಿರುಗಿ ಕೇಳುತ್ತಾರೆಂದು ಕಾದ. ಯಾರೂ ಕೇಳಲಿಲ್ಲ. ಪರಪ್ಪ ಮುಂದೆ ಬಂದು ಹುಡುಗನ ಕೈಯಿಂದ ತಾಟು ಇಸಿದುಕೊಂಡು, "ಪಾಪ, ಹುಡುಗಗ ತಲಿ ಕೆಟ್ಟೈತಿ. ಹಡದಪ್ಪ ಹಂಗ ಮಾಡ್ತಾನೇನು?" ಎಂದ. ಎಲ್ಲರೂ ಹೌದೆಂದು ತಲೆ ಅಲ್ಲಾಡಿಸಿದರು. ಹಿರಿಯರೊಬ್ಬರು ಬಸವಣ್ಣೆಪ್ಪನ ಬೆನ್ನ ಮೇಲೆ ಕೈಯಿಟ್ಟು ಧೈರ್ಯ ಹೇಳಿದರು.

ಆ ಕೈಯ ಕೆಳಗಿಂದ ಅವನು ಸರಿದು ನಿಂತ. ಅದೇ ಮಗ, ಅದೇ ಮಾತು, ಅದೇ ಬೀದಿ. ತಂಗಿಯ ಮೇಲೆ ಬಂದಾಗ ಅದು ಖರೆ, ತನ್ನ ಮೇಲೆ ಬಂದಾಗ ಹುಚ್ಚು. ಅಂದು ಒಂದೇ ಒಂದು ಮಾತಿನಿಂದ ಅವಳನ್ನು ಉಳಿಸಬಹುದಿತ್ತು. ಇಂದು ತನ್ನನ್ನು ಉಳಿಸಲು ಯಾರಿಗೂ ಒಂದು ಮಾತೂ ಬೇಕಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಎಣ್ಣೆಯ ಡಬ್ಬಿಗಳ ನಡುವೆ ಕೂತುಬಿಟ್ಟ. ಲಗಮಣ್ಣ ಎಷ್ಟು ಕರೆದರೂ ಉಣ್ಣಲು ಏಳಲಿಲ್ಲ.

ಧಾರವಾಡದಲ್ಲಿ ಅದೇ ಡಾಕ್ಟರು ಮತ್ತೆ ಮೊದಲಿನಿಂದ ಕೇಳುತ್ತಾ ಬಂದರು. ಈ ಸಲ ಸೇದುವ ಪ್ರಶ್ನೆ ಬರುವವರೆಗೂ ಬಸವಣ್ಣೆಪ್ಪ ಕಾಯಲಿಲ್ಲ. ನೆಲ ನೋಡುತ್ತಾ ತೋಟ, ಚಿಲುಮೆ, ಆಣೆ ಎಲ್ಲವನ್ನೂ ಹೇಳಿದ. ಬೇಲಿಯಿಂದ ತಾನು ತಿರುಗಿ ನಡೆದದ್ದನ್ನೂ ಹೇಳಿದ. ಡಾಕ್ಟರು ಲೇಖನಿ ಕೆಳಗಿಟ್ಟರು.

"ಮೊದಲ ಸಲ ಕೇಳಿದಾಗ ಯಾಕ ಹೇಳಲಿಲ್ರಿ?"

"ನಾಚಿಕಿ ಬಂತ್ರಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಎನಿಸಿತು ಅವನಿಗೆ. ಹಾಗಾದರೆ ಆ ಗಾಂಜಾದಿಂದಲೇ ಹೀಗಾಯಿತೇ ಎಂದು ಕೇಳಿದ.

"ಗೆರಿ ಹೊಡದಂಗ ಹೇಳಾಕ ಬರಂಗಿಲ್ಲ. ಹತ್ತು ಮಂದಿ ಸೇದ್ತಾರ, ಒಂಬತ್ತು ಮಂದಿ ಎದ್ದು ಮನಿಗೆ ಹೋಗ್ತಾರ. ಒಬ್ಬಗ ಹಿಂಗ ಆಗತೈತಿ. ಅಂವ ಯಾರು ಅಂತ ಮೊದಲ ಯಾರಿಗೂ ತಿಳಿಯಂಗಿಲ್ಲ. ನಿಮ್ಮ ಹುಡುಗನೊಳಗ ಏನರ ಮೊದಲ ಇದ್ದಿರಬಹುದು. ಆದರ ಸಣ್ಣ ವಯಸ್ಸಿನಾಗ ಹಿಡದಾನ, ಬಿಟ್ಟಾಗ ಸುಧಾರಿಸ್ಯಾನ, ಹಿಡದಾಗ ಕೆಟ್ಟಾನ. ಇನ್ನ ಅವನ ಹತ್ತರ ಅದು ಬರಬಾರದು. ಅದನ್ನ ನೀವೊಬ್ರ ತಡೀಲಾಕ ಆಗಂಗಿಲ್ಲ, ಊರಿಗೆ ಗೊತ್ತಿರಬೇಕು."

ಊರಿಗೆ ಗೊತ್ತಿರಬೇಕು ಎಂಬ ಮಾತು ಕೇಳಿದ ಬಸವಣ್ಣೆಪ್ಪ, ಮಗನನ್ನು ದವಾಖಾನೆಯಲ್ಲಿ ಬಿಟ್ಟು ಹೊರಟವನು ಮೂಡಲಗಿಗೆ ಹೋಗಲಿಲ್ಲ, ಹುಕ್ಕೇರಿಯ ಬಸ್ಸು ಹತ್ತಿದ.

ಶೆಟ್ಟೆವ್ವ ಕಚೇರಿಗಳ ಹತ್ತಿರದ ಒಂದು ಖಾನಾವಳಿಯಲ್ಲಿ ಇದ್ದಾಳೆಂದು ನೆಂಟರು ಹೇಳಿದರು. ಅಡಿಗೆಯವಳಾಗಿ ಸೇರಿದ್ದಳಂತೆ. ಅವಳ ಕೈಯ ಸಾರಿಗೆಂದೇ ಕಾರಕೂನರು ಬರುತ್ತಿದ್ದರಂತೆ. ಆಮೇಲೆ ಮೂಡಲಗಿಯಿಂದ ದನದ ವ್ಯಾಪಾರಕ್ಕೆ ಬಂದ ಯಾರೋ ಅವಳ ಗುರುತು ಹಿಡಿದು, ಅಣ್ಣನ ಮಗನಿಗೆ ಮದ್ದು ಹಾಕಿದವಳು ಇವಳೇ ಎಂದು ಪಂಕ್ತಿಯಲ್ಲೇ ಹೇಳಿದ. ಮಾಲೀಕ ಒಳ್ಳೆಯವನಾದ್ದರಿಂದ ಕೆಲಸದಿಂದ ತೆಗೆಯಲಿಲ್ಲ. ಒಲೆಯಿಂದ ಎಬ್ಬಿಸಿ ಹಿತ್ತಲಿಗೆ ಪಾತ್ರೆ ತಿಕ್ಕಲು ಕಳಿಸಿದ.

ಬಸವಣ್ಣೆಪ್ಪ ಹಿತ್ತಲಿನಿಂದ ಒಳಗೆ ಹೋದ. ಬೂದಿಯ ರಾಶಿಯ ಮುಂದೆ ಅವಳು ಕೂತಿದ್ದಳು. ಅಂಗೈಗಳು ಬಿರಿದಿದ್ದವು. ಅವನು ಎದುರಿಗೆ ಕುಕ್ಕುರು ಕೂತು ಎಲ್ಲ ಹೇಳಿದ, ಕಣ್ಣಿನ ಬೇನೆಯ ಸುಳ್ಳಿನಿಂದ ಹಿಡಿದು. ಹೇಳುತ್ತಾ ಹೇಳುತ್ತಾ ಅವಳ ಕಾಲು ಮುಟ್ಟಲು ಹೋದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಇದನ್ನ ನನಗ್ಯಾಕ ಹೇಳ್ತಿ?" ಎಂದಳು. "ನಾ ಏನೂ ಹಾಕಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರು ಒಳಗ ಉಣ್ಣಾಕ ಕುಂತಾರ. ಅವರಿಗೆ ಹೇಳು."

ಅವನು ಕೂತಲ್ಲಿಂದಲೇ ಬಾಗಿಲಿನೊಳಗೆ ಇಣುಕಿದ. ಗುರುತಿಲ್ಲದ ಮುಖಗಳು. ಆದರೂ ಅಂಜಿದ. ಶೆಟ್ಟೆವ್ವ ತಿಕ್ಕುತ್ತಿದ್ದ ಬೋಗುಣಿಯನ್ನು ಬಿಡಲಿಲ್ಲ, ಅವನನ್ನು ನೋಡಲೂ ಇಲ್ಲ. ಬಸವಣ್ಣೆಪ್ಪ ಎದ್ದು ಪಂಕ್ತಿಯ ನಡುವೆ ಹೋಗಿ ನಿಂತು, ತನ್ನ ಹೆಸರು, ಊರು ಹೇಳಿದ. ಹಿತ್ತಲಿನಲ್ಲಿರುವವಳು ತನ್ನ ತಂಗಿ ಎಂದ. ತನ್ನ ಮಗ ಗಾಂಜಾ ಸೇದಿ ತಲೆ ಕೆಡಿಸಿಕೊಂಡ, ಅದು ಗೊತ್ತಿದ್ದೂ ಮರ್ಯಾದೆಗೆ ಅಂಜಿ ತಾನು ಬಾಯಿ ಬಿಡಲಿಲ್ಲ, ಮದ್ದು ಹಾಕಿದ ಮಾತು ಸುಳ್ಳು ಎಂದ. ಕೆಲವರು ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಒಬ್ಬ ಏನೂ ಕೇಳಿಸಲಿಲ್ಲವೆಂಬಂತೆ ಇನ್ನಷ್ಟು ಸಾರು ಕೇಳಿದ. ಮಾಲೀಕ ಹಣದ ಗಲ್ಲೆಯ ಮುಂದಿನಿಂದ ಎದ್ದು ಬಂದು, ಆಯಿತು ಯಜಮಾನರೇ, ಕೂಡ್ರಿ ಎಂದು ತೋಳು ಹಿಡಿದು ಕೂರಿಸಿದ.

ಹೊರಡುವಾಗ ಮನೆಗೆ ಬಾ ಎಂದು ಕರೆದ. ಬರುವುದಿಲ್ಲ ಎಂದಳು ಶೆಟ್ಟೆವ್ವ. ಅದರಲ್ಲಿ ಸಿಟ್ಟೂ ಕಾಣಲಿಲ್ಲ. "ಇಲ್ಲಿ ಹೇಳೂದು ಹಗುರ. ನಿನ್ನ ಓಣ್ಯಾಗ ಹೇಳು. ರಾಚೂಗ ಆರಾಮಾದ ಮ್ಯಾಲ ಒಮ್ಮೆ ಕರಕೊಂಡ ಬಾ, ನೋಡಬೇಕು ಅನ್ನಸತೈತಿ."

ಓಣಿಯಲ್ಲಿ ಹೇಳಲು ಅವನಿಗೆ ಕೆಲವು ದಿನ ಬೇಕಾದವು. ಕೊನೆಗೆ ಒಂದು ಬೆಳಿಗ್ಗೆ ಎಣ್ಣೆಗೆ ಜನ ಸೇರಿದ್ದಾಗ, ಪರಪ್ಪನನ್ನೂ ಕರೆಸಿ, ಗಾಣ ನಿಲ್ಲಿಸಿ ಹೇಳಿದ. ಹುಕ್ಕೇರಿಯಲ್ಲಿ ಹೇಳಿದ್ದಕ್ಕಿಂತ ಇದು ನೂರು ಪಾಲು ಕಷ್ಟವಾಯಿತು. ಪರಪ್ಪ ತಾನು ಕರೆತಂದ ದೇವರು ಹೇಳುವವಳನ್ನು ನೆನೆದು ಮುಖ ತಿರುಗಿಸಿಕೊಂಡು ಮನೆಗೆ ಹೋದ. ಎಷ್ಟೋ ದಿನ ಮಾತಾಡಿಸಲಿಲ್ಲ. ಊರ ಗಡಿಗೆ ಒಡೆಯಲು ಹೋಗಿದ್ದವನ ಮನೆಯಲ್ಲೇ ಚಿಲುಮೆ ಎಂದು ಪೇಟೆಯ ಹುಡುಗರು ಆಡಿಕೊಂಡರು. ಕೆಲವು ಮನೆಯವರು ಎಣ್ಣೆಗೆ ಬೇರೆ ಗಾಣ ಹಿಡಿದರು. ಸಭೆಗಳಲ್ಲಿ ಅವನಿಗೆ ಮುಂದಿನ ಸಾಲಿನಲ್ಲಿ ಜಾಗ ಇಡುತ್ತಿದ್ದರು, ಅವನೇ ಹೋಗಿ ಬಾಗಿಲ ಹತ್ತಿರ ಕೂರುತ್ತಿದ್ದ. ಆದರೆ ತೋಟದವರಿಗೆ ಸುದ್ದಿ ಮುಟ್ಟಿತ್ತು. ರಾಚಪ್ಪ ದವಾಖಾನೆಯಿಂದ ಬಂದ ಮೇಲೆ ಅವನನ್ನು ಯಾರೂ ಆ ಕಡೆಗೆ ಕರೆಯಲಿಲ್ಲ. ಒಮ್ಮೆ ತಾನಾಗಿ ಹೋದಾಗ, ಸ್ವತಃ ಸೇದುತ್ತಿದ್ದ ಒಬ್ಬ ರೈತನೇ ಅವನ ಕೈ ಹಿಡಿದು ಮನೆಗೆ ಕರೆತಂದು ಬಿಟ್ಟ.

ರಾಚಪ್ಪ ಪೂರಾ ಮೊದಲಿನಂತಾಗಲಿಲ್ಲ. ಮಾತು ನಿಧಾನವಾಯಿತು, ಮ್ಯಾಟ್ರಿಕ್ ಅಲ್ಲಿಗೇ ನಿಂತಿತು, ಗುಳಿಗೆ ನಿಲ್ಲಲಿಲ್ಲ. ಆದರೆ ದುಡಿದ, ಲೆಕ್ಕ ತಪ್ಪದೆ ಎಣ್ಣೆ ಅಳೆದ. ಹಿಡಕಲ್ಲಿನಲ್ಲಿ ಆಣೆಕಟ್ಟಿನ ಕೆಲಸ ಶುರುವಾಗಿ ಜನ ಆ ಕಡೆ ಹೋಗಿಬರತೊಡಗಿದ ದಿನಗಳಲ್ಲಿ, ಅಪ್ಪನ ಜೊತೆ ಹುಕ್ಕೇರಿಗೂ ಹೋದ. ಖಾನಾವಳಿಯ ಮೆಟ್ಟಿಲ ಕೆಳಗೆ ನಿಂತು ಒಳಗೆ ಬರಲು ಒಲ್ಲೆನೆಂದ. ಬೀದಿಯಲ್ಲಿ ತಾಟು ಹಿಡಿದು ತಾನು ಆಡಿದ್ದು ಅವನಿಗೆ ನೆನಪಿತ್ತು. ಎಲ್ಲ ಮರೆತುಹೋಗಿರುತ್ತದೆ ಎಂದು ಬಸವಣ್ಣೆಪ್ಪ ನಂಬಿಕೊಂಡಿದ್ದ. ಶೆಟ್ಟೆವ್ವ ಹೊರಗೆ ಬಂದು, ತನಗಿಂತ ಎತ್ತರ ಬೆಳೆದಿದ್ದ ಅವನ ತಲೆಯನ್ನು ಕೈ ಎತ್ತಿ ಸವರಿ, ಎಣ್ಣೆ ಹಚ್ಚಿಕೊಳ್ಳುವುದಿಲ್ಲವೇ, ಗಾಣದವರ ಹುಡುಗನ ಕೂದಲು ಇಷ್ಟು ಒಣಗಬಹುದೇ ಎಂದಳು. ಹುಡುಗ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತ. ಅವಳೂ ಬಾಜೂ ಕೂತಳು. ಬಸವಣ್ಣೆಪ್ಪ ಅವರ ಹತ್ತಿರ ಹೋಗಲಿಲ್ಲ, ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ನಿಂತ.

ಅವಳು ಮೂಡಲಗಿಗೆ ಕೊನೆಯವರೆಗೂ ಬರಲಿಲ್ಲ. ಮತ್ತೆ ಒಲೆಯ ಮುಂದೆ ಕೂತಳು, ಮಾಲೀಕನ ತರುವಾಯ ಆ ಖಾನಾವಳಿಯನ್ನು ತಾನೇ ನಡೆಸಿದಳು. ಎಂಜಿನ್ನಿನ ಮಿಲ್ಲುಗಳು ಬಂದು ಬಸವಣ್ಣೆಪ್ಪನ ಗಾಣ ನಿಂತಿತು. ಅಷ್ಟರಲ್ಲಿ ಬೇರೆ ಕೆಲಸವೊಂದು ಅವನ ಪಾಲಿಗೆ ಬಂದಿತ್ತು. ಯಾವ ಮನೆಯ ಹುಡುಗನಾದರೂ ನಿದ್ದೆಗೆಟ್ಟು ಗೋಡೆಯೊಡನೆ ಮಾತಾಡತೊಡಗಿದರೆ ಆ ಮನೆಯ ಹಿರಿಯರು ಹಿತ್ತಲ ಬಾಗಿಲಿನಿಂದ ಇವನ ಬಳಿ ಬರುತ್ತಿದ್ದರು. ಅವನು ಅವರಿಗೆ ಮೊದಲು ತನ್ನ ಕತೆ ಹೇಳುತ್ತಿದ್ದ, ಆಮೇಲೆ ಜೊತೆಗೆ ಧಾರವಾಡದ ರೈಲು ಹತ್ತುತ್ತಿದ್ದ. ಎಷ್ಟು ಸಲ ಹೇಳಿದರೂ ತಂಗಿ ಚೌಕಟ್ಟು ಹಿಡಿದು ಕೇಳಿದ ಆ ಜಾಗಕ್ಕೆ ಬಂದಾಗ ಅವನ ತಲೆ ತಗ್ಗುತ್ತಿತ್ತು.

ತಿಂಗಳಿಗೊಮ್ಮೆ ಹುಕ್ಕೇರಿಗೆ ಹೋಗಿ ಬರುವುದನ್ನು ಮಾತ್ರ ಬಿಡಲಿಲ್ಲ. ಶೆಟ್ಟೆವ್ವ ನೀರು ಕೊಟ್ಟು, ಎಲೆ ಹಾಕಿ, ರಾಚೂ ಹೇಗಿದ್ದಾನೆ, ಗುಳಿಗೆ ನುಂಗುತ್ತಾನೆಯೇ, ನಿದ್ದೆ ಬರುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಿದ್ದಳು. ನೀನು ಹೇಗಿದ್ದಿ ಎಂದು ಅಣ್ಣನನ್ನು ಒಮ್ಮೆಯೂ ಕೇಳಲಿಲ್ಲ. ಅವನು ಅದನ್ನು ನಿರೀಕ್ಷಿಸಲೂ ಇಲ್ಲ. ಉಂಡು ಎದ್ದು, ತನ್ನ ಎಲೆ ತಾನೇ ಎತ್ತಿ ಹಾಕಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದ.